ಹಿತ್ತಲಿನ ನೀರಿಗೆ ಸೊಸೈಟಿಯ ದುಡ್ಡು: ಪುಣೆಯ ಒಂದು ಪ್ರಕರಣ

ಪುಣೆಯ ದಕ್ಷಿಣ ಭಾಗದ ಒಂದು ಪ್ಲಾಟ್ ಸೊಸೈಟಿಯಲ್ಲಿ ಸೊಸೈಟಿಯದೇ ಒಂದು ನಿಧಿಯಿಂದ ಹಿತ್ತಲುಗಳಲ್ಲಿ ಮಳೆನೀರು ಇಂಗಿಸಲು 2023ರಿಂದ 2025ರವರೆಗೆ ನಡೆದ ಕೆಲಸದ ವಿವರ ಇದು. ಸೊಸೈಟಿಯ ಹೆಸರು, ಬೀದಿ, ಮನೆತನ ಯಾವುದನ್ನೂ ಕೊಟ್ಟಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನಿಧಿಯ ಸಮಿತಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಜವಾಬ್ದಾರಿ ನನ್ನದಿತ್ತು. ಸಣ್ಣ ಮೊತ್ತ ಇಟ್ಟುಕೊಂಡು ಇಂಥದೇ ಕೆಲಸಕ್ಕೆ ಇಳಿಯುವ ಬೇರೆ ಊರಿನ ಕನ್ನಡಿಗರಿಗೆ ಎಲ್ಲಿ ಯಾವ ನಿರ್ಧಾರ ಎದುರಾಗುತ್ತದೆ ಎಂಬುದು ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ಎಪ್ಪತ್ತರ ದಶಕದ ಕೊನೆಗೆ ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯಿಂದ ನೌಕರಿಗೆ ಬಂದ ಕುಟುಂಬಗಳು ಕೂಡಿ ಕೊಂಡ ಜಾಗ ಅದು. ಈಗ ಮೂವತ್ತಕ್ಕೂ ಹೆಚ್ಚು ಮನೆಗಳಿವೆ. ಮುಂದೆ ಅಂಗಳ, ಹಿಂದೆ ಹಿತ್ತಲು ಇಲ್ಲದೆ ಮನೆ ಕಟ್ಟಿಸುವುದು ಮೊದಲ ತಲೆಮಾರಿನವರಿಗೆ ಗೊತ್ತೇ ಇರಲಿಲ್ಲ. ತೆಂಗು, ಕರಿಬೇವು, ಬಾಳೆ ಬೆಳೆದರು, ಮುಸುರೆ ನೀರನ್ನು ಬಾಳೆಯ ಬುಡಕ್ಕೆ ಬಿಟ್ಟರು. ಒಂದು ಮನೆಯವರು ಬಾವಿಯನ್ನೂ ತೋಡಿಸಿದ್ದರು.

ಎರಡನೇ ತಲೆಮಾರಿಗೆ ಬರುವ ಹೊತ್ತಿಗೆ ಹಿತ್ತಲುಗಳಿಗೆಲ್ಲ ಶಹಾಬಾದ್ ಫರಸಿ, ಅಂದರೆ ಕಲ್ಲಿನ ಹಾಸು, ಬಿತ್ತು. ತೊಳೆಯಲು ಸುಲಭ, ಕೆಸರಿಲ್ಲ, ಹಾವಿನ ಭಯವಿಲ್ಲ, ವಾಹನ ನಿಲ್ಲಿಸಬಹುದು. ಮಾಳಿಗೆಯ ನೀರು ಪೈಪಿನಿಂದ ಫರಸಿಗೆ, ಫರಸಿಯಿಂದ ರಸ್ತೆಯ ಗಟಾರಕ್ಕೆ. ಮಾರ್ಚ್ ಕಳೆದರೆ ಅದೇ ರಸ್ತೆಯಲ್ಲಿ ಟ್ಯಾಂಕರ್ ಬಂದು ನಿಲ್ಲುತ್ತಿತ್ತು.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಪುಣೆ ನಗರಕ್ಕೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಎಂದು ಹಿಡಿದರೆ 100 ಚದರ ಮೀಟರ್ ಮಾಳಿಗೆಯ ಮೇಲೆ 70,000 ಲೀಟರ್ ಬೀಳುತ್ತದೆ. ಆವಿ, ಸೋರಿಕೆ, ಮೊದಲ ಕೊಳೆ ನೀರು ಎಂದು ಐದನೇ ಒಂದು ಪಾಲು ಕಳೆದರೂ 56,000 ಲೀಟರ್ ಉಳಿಯುತ್ತದೆ. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಐದು ಟ್ಯಾಂಕರಿಗೂ ಹೆಚ್ಚು. ಈ ಲೆಕ್ಕವನ್ನು ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ಬರೆದು ಹಾಕಿದಾಗ ಜನ ನಿಂತು ಓದಿದರು. ಆದರೆ ಓದಿದ ಮಾತ್ರಕ್ಕೆ ಯಾರೂ ನೀರು ಇಂಗಿಸುವ ಗುಂಡಿ ತೋಡಿಸಲಿಲ್ಲ.

ಕಾನೂನಿನ ಒತ್ತಡವೂ ಇರಲಿಲ್ಲ. ಮಹಾರಾಷ್ಟ್ರದಲ್ಲಿ 2020ರ ಏಕೀಕೃತ ಕಟ್ಟಡ ನಿಯಮಾವಳಿ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿರುವುದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನದಲ್ಲಿ ಹೊಸದಾಗಿ ಕಟ್ಟುವವರಿಗೆ. ನಮ್ಮವು ಹಳೆಯ ಮನೆಗಳು, ಸಣ್ಣ ಪ್ಲಾಟುಗಳು. ಪಾಲಿಕೆಯ ತೆರಿಗೆ ರಿಯಾಯಿತಿ ಮಾತ್ರ ಇತ್ತು: ಮಳೆನೀರು ಕೊಯ್ಲು, ಎರೆಗೊಬ್ಬರ, ಸೌರ ಘಟಕ ಈ ಪೈಕಿ ಒಂದಿದ್ದರೆ ಸಾಮಾನ್ಯ ಕರದಲ್ಲಿ ಶೇ. 5, ಎರಡೋ ಹೆಚ್ಚೋ ಇದ್ದರೆ ಶೇ. 10. ಇದು ಇಡೀ ತೆರಿಗೆ ಬಿಲ್ಲಿನ ಮೇಲೆ ಸಿಗುವ ರಿಯಾಯಿತಿಯಲ್ಲ, ಅದರೊಳಗಿನ ಸಾಮಾನ್ಯ ಕರ ಎಂಬ ಬಾಬಿನ ಮೇಲೆ ಮಾತ್ರ. ಮೊದಲು ಕೈಯಿಂದ ಖರ್ಚು ಮಾಡಬೇಕು, ಆಮೇಲೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಉಳಿಯುತ್ತದೆ. ಎಪ್ಪತ್ತು ದಾಟಿದ ದಂಪತಿಗೆ ಇದು ಅಷ್ಟಾಗಿ ಹಿಡಿಸುವ ಮಾತಲ್ಲ.

ದುಡ್ಡು ಎಲ್ಲಿಂದ

ಮೊದಲು ಕಣ್ಣು ಹೋದದ್ದು ಪಾಲಿಕೆಯ ನಾಗರಿಕ ಬಜೆಟ್ಟಿನ ಕಡೆಗೆ. ತಮ್ಮ ಪ್ರಭಾಗಕ್ಕೆ (ವಾರ್ಡಿಗೆ) ಬೇಕಾದ ಸಣ್ಣ ಕೆಲಸಗಳನ್ನು ಜನರೇ ಸೂಚಿಸುವ ಈ ಪದ್ಧತಿ ಪುಣೆಯಲ್ಲಿ 2006-07ರಿಂದ ಇದೆ. ಆದರೆ ಅದು ಫುಟ್‌ಪಾತ್, ಬೆಂಚು, ದೀಪದಂಥ ಸಾರ್ವಜನಿಕ ಕೆಲಸಕ್ಕೆ. ಖಾಸಗಿ ಕಂಪೌಂಡಿನ ಒಳಗೆ ಆ ದುಡ್ಡು ಕಾಲಿಡುವಂತಿಲ್ಲ, ಇಡಲೂ ಬಾರದು. ನಗರಸೇವಕರನ್ನು (ಪಾಲಿಕೆ ಸದಸ್ಯರನ್ನು) ಕೇಳೋಣ ಎಂದರೆ 2022ರ ಮಾರ್ಚಿನಲ್ಲಿ ಅವರ ಅವಧಿ ಮುಗಿದು ಪಾಲಿಕೆ ಆಡಳಿತಾಧಿಕಾರಿಯ ಕೈಯಲ್ಲಿತ್ತು.

ಸೊಸೈಟಿಯ ಸಿಂಕಿಂಗ್ ಫಂಡ್ ಇದೆಯಲ್ಲ ಎಂದು ಕೆಲವರು ಅಂದರು. ಅಧ್ಯಕ್ಷರು ಅದನ್ನು ಖಡಾಖಂಡಿತವಾಗಿ ಬೇಡವೆಂದರು. ಆ ಹಣ ಪುನರ್ನಿರ್ಮಾಣಕ್ಕೂ ದೊಡ್ಡ ದುರಸ್ತಿಗೂ ಮೀಸಲು. ಒಮ್ಮೆ ಬೇರೆ ಕೆಲಸಕ್ಕೆ ಮುಟ್ಟಿದರೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಮುಂದಿನ ಕಮಿಟಿಯವರು. ಉಳಿದದ್ದು ಸಭಾಗೃಹದ ಬಾಡಿಗೆ. ಮುಂಜಿವೆ, ಕುಪ್ಪಸ, ಸೀಮಂತಕ್ಕೆ ಹಾಲ್ ಕೊಟ್ಟು ಬಂದ ದುಡ್ಡು ವರ್ಷಗಳಿಂದ ಬ್ಯಾಂಕಿನಲ್ಲಿ ಬಿದ್ದಿತ್ತು. 2023ರ ಸೆಪ್ಟೆಂಬರಿನ ವಾರ್ಷಿಕ ಸಭೆಯಲ್ಲಿ ಅದರ ಒಂದು ಭಾಗವನ್ನು ತೆಗೆದು 'ಹಿತ್ತಲು ನಿಧಿ' ಎಂದು ಬೇರೆ ಖಾತೆ ಮಾಡುವ ಠರಾವು ಪಾಸಾಯಿತು. ಖಾತೆ ಬೇರೆ ಇದ್ದದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು, ಯಾವ ಜಗಳದಲ್ಲೂ ದುಡ್ಡಿನ ಮೇಲೆ ಸಂಶಯ ಬರಲಿಲ್ಲ.

ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಬೇಡ ಎಂಬುದು ಆಮೇಲಿನ ಪ್ರಶ್ನೆ. ಮಾಳಿಗೆ ನೀರನ್ನು ಇಂಗುಗುಂಡಿಗೋ ಬಾವಿಗೋ ಬಿಡುವುದು, ಫರಸಿ ಕಿತ್ತು ಮಣ್ಣು ತೆರೆಯುವುದು, ಹಸಿ ಕಸದ ಗೊಬ್ಬರ, ಈ ಮೂರಕ್ಕೆ ಮಾತ್ರ ಎಂದು ತೀರ್ಮಾನವಾಯಿತು. ಸಸಿಗೆ ಒಂದು ರೂಪಾಯಿಯೂ ಇಲ್ಲ. ಇದರ ಮೇಲೆ ಬಹಳ ಬೇಸರ ವ್ಯಕ್ತವಾಯಿತು, ಏಕೆಂದರೆ ಸಸಿ ಹಂಚುವುದು ಫೋಟೋಕ್ಕೆ ಚೆಂದ. ಆದರೆ ಗಿಡ ನೆಡುವವರು ನಿಧಿ ಇಲ್ಲದೆಯೂ ನೆಡುತ್ತಾರೆ. ಪುಕ್ಕಟೆ ಬಂದ ಸಸಿ ಏಪ್ರಿಲ್ ಬಿಸಿಲಿಗೆ ಒಣಗುತ್ತದೆ. ಆ ನಿರ್ಧಾರ ಸರಿ ಇತ್ತೆಂದೇ ಈಗಲೂ ನನ್ನ ಅಭಿಪ್ರಾಯ.

ಅರ್ಧ ಬಿಲ್ಲಿನ ಯೋಜನೆ ಯಾಕೆ ಮಲಗಿತು

ಮೊದಲ ನಿಯಮ ಸರಳ: ಕೆಲಸ ಮಾಡಿಸಿ, ಬಿಲ್ ತನ್ನಿ, ಅರ್ಧ ವಾಪಸ್ ಪಡೆಯಿರಿ, ಗರಿಷ್ಠ ಹತ್ತು ಸಾವಿರ. 2024ರ ಮಾರ್ಚ್ ತನಕ ಬಂದದ್ದು ನಾಲ್ಕೇ ಅರ್ಜಿ. ನಾಲ್ಕೂ ನಿಧಿ ಇರಲಿ ಬಿಡಲಿ ಮಾಡಿಸಲಿದ್ದವರದ್ದೇ: ಕೈಯಲ್ಲಿ ದುಡ್ಡು, ನಿಂತು ಮಾಡಿಸಲು ಮನೆಯಲ್ಲೊಬ್ಬ ಗಂಡಾಳು, ಪರಿಚಯದ ಗವಂಡಿ (ಗಾರೆ ಕೆಲಸದವ) ಇದ್ದ ಮನೆಗಳು. ಹೀಗೆ ಸಹಾಯಧನ ಹೋಗಬಾರದವರಿಗೇ ಹೋಗಿ ಸೇರುತ್ತಿತ್ತು. ದೊಡ್ಡ ಸರಕಾರಿ ಯೋಜನೆಗಳಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಮೂವತ್ತು ಮನೆಗಳ ನಡುವೆ ಎದ್ದು ಕಾಣುತ್ತದೆ.

ಸಮಿತಿಯವರು ಮನೆ ಮನೆಗೆ ಹೋಗಿ ಕೇಳಿದರು. ಒಬ್ಬರೇ ಇರುವ ನಿವೃತ್ತ ಶಿಕ್ಷಕಿಯೊಬ್ಬರು ಚಹಾ ಕೊಟ್ಟು ಹೇಳಿದ ಮಾತೇ ಎಲ್ಲಕ್ಕೂ ಉತ್ತರವಾಗಿತ್ತು: "ರೊಕ್ಕದ ಮಾತಲ್ರೀ ಇದು. ಗವಂಡಿನ್ನ ನಾ ಎಲ್ಲಿ ಹುಡುಕ್ಲಿ? ಬಂದಾಂದ್ರ ದಿನಾ ಬಿಸಿಲಾಗ ನಿಂತು ಮಾಡಸ್ಬೇಕು. ಮಗ ಪರದೇಶದಾಗ ಅದಾನ. ಮ್ಯಾಲ ಬಿಲ್ ತರ್ರಿ ಅಂತೀರಿ, ಯಾವ ಗವಂಡಿ ಬಿಲ್ ಕೊಡ್ತಾನ್ರೀ?"

ಗವಂಡಿ ಬಿಲ್ ಕೊಡುವುದಿಲ್ಲ. ಸುರಕ್ಷಿತವಾಗಿ ಬರೆದ ನಿಯಮ ನಿಂತದ್ದೇ ಆ ಬಿಲ್ಲಿನ ಮೇಲೆ. ಒಂದು ಹಿತ್ತಲಿನ ಗುಂಡಿಯೆಂದರೆ ಎರಡು ದಿನದ ಕೆಲಸ, ಅಷ್ಟಕ್ಕಾಗಿ ಒಳ್ಳೆಯ ಗವಂಡಿ ಸೈಟ್ ಬಿಟ್ಟು ಬರುವುದೂ ಇಲ್ಲ. ಇನ್ನು ಕೆಲವರಿಗೆ ಸೊಳ್ಳೆಯ ಅಂಜಿಕೆ, ಹಿಂದಿನ ವರ್ಷ ಅವರ ಬೀದಿಯಲ್ಲೇ ಡೆಂಗಿ ಆಗಿತ್ತು. ಬಾಡಿಗೆ ಮನೆಗಳಲ್ಲಿ ಮಾಲೀಕರು ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಇದ್ದರು, ಬಾಡಿಗೆದಾರರಿಗೆ ಫರಸಿ ಮುಟ್ಟುವ ಹಕ್ಕಿರಲಿಲ್ಲ.

ಏಪ್ರಿಲ್‌ನಲ್ಲಿ ಇಡೀ ನಿಯಮ ಬದಲಾಯಿತು. ನಿಧಿಯೇ ಗವಂಡಿಯನ್ನು ಗೊತ್ತು ಮಾಡುತ್ತದೆ, ಬೀದಿಗೆ ಒಂದೇ ಸಲ ಕೆಲಸ, ಕೂಲಿ ಸಾಮಾನು ನಿಧಿಯಿಂದಲೇ ನೇರ ಪಾವತಿ. ಮನೆಯವರು ಖರ್ಚಿನ ಕಾಲುಭಾಗವನ್ನು ಠೇವಣಿ ಇಡಬೇಕು. ಮುಂದಿನ ಎರಡು ವರ್ಷ ಮೇ ತಿಂಗಳಲ್ಲಿ ಮಾಳಿಗೆ ಗುಡಿಸಿ, ಜಾಳಿಗೆ ತೊಳೆದು, ಗುಂಡಿಯ ಮೇಲಿನ ಮರಳು ಬದಲಿಸಿದ್ದು ಕಂಡರೆ ಠೇವಣಿ ಎರಡು ಕಂತಿನಲ್ಲಿ ವಾಪಸ್. ಅಂದರೆ ಕಟ್ಟಿಸಲು ಮನೆಯವರ ಕೈಯಿಂದ ಕೊನೆಗೆ ಏನೂ ಹೋಗುವುದಿಲ್ಲ, ನೋಡಿಕೊಳ್ಳದೆ ಬಿಟ್ಟರೆ ಮಾತ್ರ ಹೋಗುತ್ತದೆ. ಪುಕ್ಕಟೆ ಕೊಟ್ಟದ್ದಕ್ಕೆ ಬೆಲೆ ಇರುವುದಿಲ್ಲ ಎಂದು ಖಜಾಂಚಿಯವರು ವಾದಿಸಿದರು. ಅವರ ವಾದ ಸೋತರೂ ಠೇವಣಿಯ ಕಲ್ಪನೆ ಹುಟ್ಟಿದ್ದು ಅದರಿಂದಲೇ.

ಕರಿಮಣ್ಣು ದಾಟಿ ಗರಸಿಗೆ

ಗೊತ್ತು ಮಾಡಿದ ಗವಂಡಿ ಕಲಬುರಗಿ ಕಡೆಯವರು, ಪುಣೆಯಲ್ಲಿ ಹದಿನೈದು ವರ್ಷದಿಂದ ಸೈಟ್ ಕೆಲಸ. ಅವರು ಮೊದಲ ಹಿತ್ತಲಿನಲ್ಲಿ ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಡೀ ಯೋಜನೆ ಅದರ ಮೇಲೆ ನಿಂತಿತ್ತು. ಎರಡು ಫರಸಿ ಎಬ್ಬಿಸಿ, ಹಾರೆಯಿಂದ ಮೊಳದುದ್ದ ತೋಡಿ, ಒಂದು ಬಕೆಟ್ ನೀರು ಸುರಿದು, ಕಡ್ಡಿಗೆ ಗೆರೆ ಕೊರೆದು ನಿಲ್ಲಿಸಿದರು. ಬೀಡಿ ಸೇದಿ ಬಂದು ನೋಡಿದರೆ ನೀರು ಗೆರೆಯಲ್ಲೇ ಇತ್ತು. "ಎರಿ ಮಣ್ಣ್ ಐತ್ರೀ ಸಾಹೇಬ್ರ. ನೀರ್ ಕುಡದು ಉಬ್ಬತೈತಿ, ಕೆಳಗ ಬಿಡೂದಿಲ್ಲ" ಎಂದರು. ಮತ್ತೆ ತೋಡುತ್ತ ಹೋದಾಗ ಕಪ್ಪು ಮಣ್ಣು ಮುಗಿದು ಕಂದು ಹಳದಿ ಗರಸು ಸಿಕ್ಕಿತು, ಮರಾಠಿಯವರು ಮುರೂಮ್ ಅನ್ನುವುದು. ಅಲ್ಲಿ ಸುರಿದ ನೀರು ನೋಡನೋಡುತ್ತ ಇಳಿಯಿತು.

ಪುಣೆ ಕೂತಿರುವುದು ದಖನ್ನಿನ ಬಸಾಲ್ಟ್ ಬಂಡೆಯ ಮೇಲೆ. ಗಟ್ಟಿ ಬಂಡೆಯಲ್ಲಿ ನೀರು ನಿಲ್ಲುವ ಜಾಗವೇ ಕಡಿಮೆ; ಮೇಲಿನ ಸವೆದ ಗರಸು, ಬಂಡೆಯ ಬಿರುಕು, ಎರಡು ಲಾವಾ ಪದರಗಳ ನಡುವಿನ ಸಂದು, ಇಷ್ಟರಲ್ಲೇ ಅಂತರ್ಜಲ. ಹಾಗಾಗಿ ಕರಿಮಣ್ಣಿನಲ್ಲೇ ಮುಗಿಸಿದ ಇಂಗುಗುಂಡಿ ಬರೀ ನೀರಿನ ಹೊಂಡ, ಸೊಳ್ಳೆಯ ತೊಟ್ಟಿಲು. ಗರಸು ಮುಟ್ಟುವ ತನಕ ಕೂಲಿ ಕೊಡಬೇಕು, ಗರಸೇ ಸಿಗದಿದ್ದರೆ ಆ ಮನೆಗೆ ಗುಂಡಿ ಮಂಜೂರು ಮಾಡಬಾರದು ಎಂಬ ನಿಯಮ ಅಲ್ಲೇ ಹುಟ್ಟಿತು. ಬಕೆಟ್ ಪರೀಕ್ಷೆಯಲ್ಲಿ ಸೋತ ಮೂರು ಹಿತ್ತಲುಗಳಿಗೆ ನಿಜವಾಗಿಯೂ ಇಲ್ಲ ಎನ್ನಬೇಕಾಯಿತು. ಅಲ್ಲಿ ಫರಸಿ ಕಿತ್ತು ಕೈತೋಟಕ್ಕಷ್ಟೇ ಸಹಾಯ ಮಾಡಿದೆವು.

ಗುಂಡಿಯೊಳಗೆ ಕೆಳಗೆ ದಪ್ಪ ಕಲ್ಲು, ಮೇಲೆ ಖಡಿ, ಅದರ ಮೇಲೆ ಮರಳು, ಎಲ್ಲಕ್ಕೂ ಮೇಲೆ ಸಿಮೆಂಟಿನ ಮುಚ್ಚಳ. ಮಾಳಿಗೆಯಿಂದ ಇಳಿಯುವ ಪೈಪಿಗೆ ಒಂದು ಕವಲು: ಮೊದಲ ಮಳೆಗಳ ಧೂಳು, ಪಾರಿವಾಳದ ಹೇಲು ಹೊರಗೆ ಹೋಗಲು. ಮಿರಗ (ಜೂನ್ ಮೊದಲ ಭಾಗದ ಮೃಗಶಿರಾ ಮಳೆ) ಕೂಡುವ ಹೊತ್ತಿಗೆ ಹನ್ನೊಂದು ಮನೆಗಳ ಕೆಲಸ ಮುಗಿದಿತ್ತು. ಶಿಕ್ಷಕಿಯ ಮನೆಯೂ ಅದರಲ್ಲಿ ಸೇರಿತ್ತು.

2024ರ ಜುಲೈ

ಜುಲೈ 24ರ ರಾತ್ರಿಯಿಂದ 25ರ ತನಕ ಪುಣೆಯಲ್ಲಿ ಸುರಿದ ಮಳೆ ಊರಿನವರಿಗೆಲ್ಲ ನೆನಪಿದೆ. ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟು ಸಿಂಹಗಡ ರಸ್ತೆಯ ಏಕತಾ ನಗರಿ ಮುಳುಗಿತು. ನಮ್ಮ ಸೊಸೈಟಿ ನದಿಯಿಂದ ದೂರ, ಎತ್ತರದಲ್ಲಿದೆ. ಆದರೆ ಒಂದು ಮನೆಯ ಗುಂಡಿ ತುಂಬಿ ಉಕ್ಕಿ, ಕಂಪೌಂಡ್ ಗೋಡೆಯ ಬುಡದಿಂದ ಪಕ್ಕದವರ ಕೋಣೆಗೆ ನೀರು ನುಗ್ಗಿತು. ಅಲ್ಲಿಟ್ಟಿದ್ದ ಅಕ್ಕಿ ಚೀಲ, ಹಾಸಿಗೆ ತೊಯ್ದವು, ಗೋಡೆಗೆ ಹಸಿ ಹಿಡಿಯಿತು. ಮೂವತ್ತು ವರ್ಷದ ನೆರೆಹೊರೆ ಮಾತು ಬಿಟ್ಟಿತು.

ನಿಧಿಯ ಉಳಿವು ಅಳಿವು ನಿರ್ಧಾರವಾದದ್ದು ಈ ಘಟ್ಟದಲ್ಲಿ. ಗುಂಡಿ ಆ ಮನೆಯವರದು, ಹಾನಿಗೆ ಅವರೇ ಹೊಣೆ ಎಂದು ಕೆಲವರು; ನಿಧಿಯ ಗವಂಡಿ ಮಾಡಿದ ಕೆಲಸ, ನಿಧಿಯೇ ಕೊಡಲಿ ಎಂದು ಕೆಲವರು. ಅಧ್ಯಕ್ಷರು ಸಭೆ ಕರೆದು ವಾದ ಬೆಳೆಯಲು ಬಿಡಲಿಲ್ಲ. ಎರಡೂ ಮನೆಯ ಹಿರಿಯರನ್ನು ತಮ್ಮ ಮನೆಗೆ ಕರೆದು ಕೂರಿಸಿ, "ಕಾಕಾ, ನಿಮ್ಮ ಗ್ವಾಡಿ ನಾವು ಮಾಡಸ್ತೀವಿ. ಅವ್ರ ಗುಂಡಿ ಮುಚ್ಚಸೂದು ಬ್ಯಾಡ, ನೀರು ರಸ್ತಾಕ್ಕ ಹೋಗೂ ಹಂಗ ಪೈಪ್ ಹಾಕೂಣು" ಎಂದರು. ಗೋಡೆ ದುರಸ್ತಿ, ಸುಣ್ಣಬಣ್ಣ ನಿಧಿಯಿಂದಲೇ ಆಯಿತು. ಜೊತೆಗೆ ಹನ್ನೊಂದೂ ಗುಂಡಿಗಳಿಗೆ ಹೆಚ್ಚುವರಿ ನೀರು ರಸ್ತೆಯ ಕಡೆ ಹೋಗುವ ಪೈಪ್, ಕಂಪೌಂಡಿನಿಂದ ಕನಿಷ್ಠ ಎರಡು ಮೀಟರ್ ದೂರ ಎಂಬ ನಿಯಮ. ಆ ವರ್ಷ ನಿಧಿಯಲ್ಲಿ ಉಳಿದ ಹಣವೆಲ್ಲ ಇದಕ್ಕೇ ಹೋಯಿತು, ಹೊಸ ಅರ್ಜಿ ನಿಂತವು.

ಸುಣ್ಣಬಣ್ಣಕ್ಕೆ ನಿಧಿಯ ಹಣವೇ ಎಂದು ಲೆಕ್ಕ ಕೇಳಿದವರಿಗೆ ನಾನು ಹೇಳಿದ್ದು ಒಂದೇ: ನೆರೆಯವನಿಗೆ ನಷ್ಟ ಮಾಡಿದ ಕೆಲಸವನ್ನು ಬೀದಿಯಲ್ಲಿ ಮತ್ತಾರೂ ಮಾಡಿಸುವುದಿಲ್ಲ. ಆಗಸ್ಟಿನಲ್ಲಿ ಆ ಗೋಡೆ ಬಿಳಿಯಾದ ಮೇಲೆ ಪಕ್ಕದ ಮನೆಯವರೇ ತಮಗೂ ಗುಂಡಿ ಬೇಕೆಂದು ಚೀಟಿ ಕೊಟ್ಟರು.

ಬಾವಿ

ಬಾವಿ ಇದ್ದ ಮನೆಯವರು ಮೂರು ಮನೆಗಳ ಮಾಳಿಗೆ ನೀರನ್ನು ತಮ್ಮ ಬಾವಿಗೆ ಬಿಡಲು ಒಪ್ಪಿದ್ದರು, ಮರಳಿನ ಸೋಸುಗುಂಡಿಯ ಮೂಲಕ. ಪ್ರತಿಯಾಗಿ ಬೇಸಿಗೆಯಲ್ಲಿ ಆ ಮೂರು ಮನೆಗಳಿಗೂ ಮೋಟರ್ ಹಚ್ಚಿ ನೀರು. ಹಗ್ಗಕ್ಕೆ ಕಲ್ಲು ಕಟ್ಟಿ, ಮೊಳಕ್ಕೊಂದು ಗಂಟು ಹಾಕಿ, ಆ ಮನೆಯ ಸೊಸೆ ತಿಂಗಳಿಗೊಮ್ಮೆ ನೀರಿನ ಮಟ್ಟ ಬರೆದಿಡುತ್ತಿದ್ದರು.

2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಸುತ್ತಮುತ್ತ ಗಿಲ್ಯಾನ್-ಬಾರೆ ಸಿಂಡ್ರೋಮ್ ಎಂಬ ನರಗಳ ಕಾಯಿಲೆಯ ಪ್ರಕರಣಗಳು ಒಮ್ಮೆಲೇ ಹೆಚ್ಚಿದವು. ಕಲುಷಿತ ನೀರಿನ ಮೇಲೆ ಅನುಮಾನ ಬಿತ್ತು, ಅದೇ ಭಾಗದ ನಾಂದೇಡ್ ಗಾವ್ ಕಡೆಯ ಬಾವಿಯ ಸುದ್ದಿ ಪತ್ರಿಕೆಗಳಲ್ಲಿ ದಿನಾ ಬರುತ್ತಿತ್ತು. ನಮ್ಮ ಬಾವಿಯನ್ನು ಮುಚ್ಚಿಸಿ ಎಂಬ ಒತ್ತಾಯ ಶುರುವಾಯಿತು. ಅಂಜಿಕೆ ಸುಳ್ಳಾಗಿರಲಿಲ್ಲ. ನೀರಿನ ಪರೀಕ್ಷೆ ಮಾಡಿಸಿದಾಗ ಕೋಲಿಫಾರ್ಮ್, ಅಂದರೆ ಹೊಲಸು ನೀರು ಸೇರಿರಬಹುದೆಂದು ತೋರಿಸುವ ಬ್ಯಾಕ್ಟೀರಿಯಾ, ಸಿಕ್ಕಿತು. ಹುಡುಕಿದರೆ ಕಾರಣ ಮಾಳಿಗೆ ನೀರಲ್ಲ, ಬಾವಿಯಿಂದ ಕೆಲವೇ ಹೆಜ್ಜೆ ಆಚೆ ಇದ್ದ ಹಳೆಯ ಡ್ರೇನೇಜ್ ಚೇಂಬರ್ ಬಿರುಕು ಬಿಟ್ಟಿತ್ತು.

ಚೇಂಬರ್ ಕಟ್ಟಿಸುವುದು ನಿಧಿಯ ಮೂರು ಬಾಬುಗಳಲ್ಲಿ ಯಾವುದರಲ್ಲೂ ಬರುವುದಿಲ್ಲ. ಆದರೂ ಕೊಟ್ಟೆವು. ಬಾವಿಗೆ ಜಾಲರಿ, ಕ್ಲೋರಿನ್, ಬಾವಿ ನೀರಿನ ನಳಕ್ಕೆ ಕೆಂಪು ಬಣ್ಣ, 'ಕುಡಿಯಲು ಅಲ್ಲ' ಎಂದು ಕನ್ನಡ ಮರಾಠಿ ಎರಡರಲ್ಲೂ ಬರಹ. ಆ ನೀರು ಈಗ ಗಿಡಕ್ಕೆ, ನೆಲ ತೊಳೆಯಲು, ಸಂಡಾಸಿಗೆ. ಮಳೆನೀರು ಇಂಗಿಸುವ ಯಾವ ಯೋಜನೆಯಲ್ಲೂ ಮೊದಲು ನೋಡಬೇಕಾದದ್ದು ಗಟಾರವನ್ನು. ನಾವು ನೋಡಿದ್ದು ಕೊನೆಗೆ.

ಗೊಬ್ಬರದ ಡಬ್ಬಿ

ಗೊಬ್ಬರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ವರ್ಷ ಕೊಟ್ಟ ಡಬ್ಬಿಗಳು ಬಹುತೇಕ ವಾಸನೆ ಹೊಡೆದು ಮೂಲೆಗೆ ಸೇರಿದವು. ತರಬೇತಿ ಪಡೆದವರು ಮನೆಯ ಯಜಮಾನರು, ಕಸ ಎತ್ತಿ ಹಾಕುತ್ತಿದ್ದವರು ಮನೆಗೆಲಸದ ಮಾವಶಿಯವರು. ಹಸಿ ಕಸ ಒಂದು ಪಾಲಾದರೆ ಒಣ ಎಲೆ ಅದಕ್ಕಿಂತ ಹೆಚ್ಚು ಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಎರಡನೇ ವರ್ಷ ಮಾವಶಿಯವರನ್ನೇ ಕರೆದು, ಆ ದಿನದ ಪಗಾರ ಕೊಟ್ಟು, ಮರಾಠಿಯಲ್ಲಿ ಕಲಿಸಲಾಯಿತು. ಗೊಬ್ಬರ ನಡೆದ ಮನೆಗೆ ತಿಂಗಳಿಗೆ ಇಷ್ಟು ಎಂದು ನಿಧಿಯಿಂದ ಅವರ ಕೈಗೇ ಕೊಡುತ್ತೇವೆ. ಅಲ್ಲಿಂದ ಡಬ್ಬಿಗಳು ನಡೆಯತೊಡಗಿದವು, ಒಣ ಎಲೆ ಸುಡುವುದೂ ನಿಂತಿತು. ಗುಂಡಿ, ಗೊಬ್ಬರ ಎರಡೂ ಇರುವ ಮನೆಗಳ ತೆರಿಗೆ ರಿಯಾಯಿತಿಯ ಅರ್ಜಿಗಳನ್ನು ಸೊಸೈಟಿಯ ಗುಮಾಸ್ತರೇ ಒಟ್ಟಿಗೆ ತುಂಬಿಕೊಟ್ಟರು.

ಈಗಿನ ಸ್ಥಿತಿ

2025ರ ಮೇನಲ್ಲಿ ಮೊದಲ ತಪಾಸಣೆ ಆಯಿತು. ಠೇವಣಿ ಇಟ್ಟ ಮನೆಗಳಲ್ಲಿ ಒಂದೆರಡು ಬಿಟ್ಟರೆ ಎಲ್ಲ ಮಾಳಿಗೆಗಳೂ ಗುಡಿಸಿದ್ದವು, ಮರಳು ಬದಲಾಗಿತ್ತು. ಅರ್ಧ ಬಿಲ್ಲಿನ ಕಾಲದ ನಾಲ್ಕು ಮನೆಗಳಲ್ಲಿ ಎರಡರ ಪೈಪಿನಲ್ಲಿ ಎಲೆ ತುಂಬಿ ನೀರು ಗುಂಡಿಗೆ ಇಳಿಯುತ್ತಲೇ ಇರಲಿಲ್ಲ. ಒಂದೇ ಬೀದಿಯ, ಒಂದೇ ಥರದ ಜನ. ವ್ಯತ್ಯಾಸವಿದ್ದದ್ದು ದುಡ್ಡು ಯಾವಾಗ ಕೈಗೆ ಬರುತ್ತದೆ ಎಂಬುದರಲ್ಲಿ. ಟ್ಯಾಂಕರ್ ಪೂರ್ತಿ ನಿಂತಿಲ್ಲ. ಬಾವಿ ಹಂಚಿಕೊಂಡ ಮನೆಗಳು ಮಾತ್ರ ಆ ಬೇಸಿಗೆ ತರಿಸಲಿಲ್ಲ.

ಸೆಪ್ಟೆಂಬರಿನ ಸಭೆಯಲ್ಲಿ ಬಾಡಿಗೆದಾರರಿಗೂ ದಾರಿ ತೆರೆಯಿತು: ಮಾಲೀಕರ ಒಪ್ಪಿಗೆ ಪತ್ರವಿದ್ದರೆ ಸಾಕು, ಠೇವಣಿ ಯಾರೇ ಇಟ್ಟಿರಲಿ, ಮೇನಲ್ಲಿ ಮಾಳಿಗೆ ಗುಡಿಸಿದವರ ಕೈಗೆ ವಾಪಸ್. ತೀರ್ಮಾನವಾಗದೆ ಉಳಿದದ್ದು ಮೂಲೆಯ ಪ್ಲಾಟಿನ ವಿಷಯ. ಅದನ್ನು ಬಿಲ್ಡರಿಗೆ ಕೊಡುವ ಮಾತುಕತೆ ನಡೆದಿದೆ. ಮನೆ ಕೆಡವಿದರೆ ನಿಧಿಯ ದುಡ್ಡಿನಲ್ಲಿ ಗರಸಿನ ತನಕ ತೋಡಿದ ಗುಂಡಿಯೂ ಹೋಗುತ್ತದೆ. ನಿಧಿಯ ಪಾಲನ್ನು ವಾಪಸ್ ಕೊಡಬೇಕೆಂದು ಕೇಳುವುದೋ, ಹೊಸ ಕಟ್ಟಡದ ನಕ್ಷೆಯಲ್ಲಿ ಆ ಗುಂಡಿಯನ್ನು ಉಳಿಸಿಕೊಳ್ಳಿ ಎಂದು ಕರಾರಿನಲ್ಲಿ ಬರೆಸುವುದೋ? ಸಮಿತಿ ಎರಡನೆಯದರ ಕಡೆ ಒಲವು ತೋರಿದೆ, ಕರಡು ಪತ್ರ ವಕೀಲರ ಬಳಿ ಇದೆ.